ಅದೇ, ಅದೇ

ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ಶಿವರಾತ್ರಿಯ ಹೊತ್ತಿಗೆ ದನಗಳ ಜಾತ್ರೆ ಸೇರುತ್ತದೆ. ರಾಮಲಿಂಗೇಶ್ವರನ ಗುಡಿಗಳ ಆಚೆ ಬಂಡೆಬೆಟ್ಟ, ಈಚೆ ಬಯಲಿನ ಉದ್ದಕ್ಕೂ ಗೂಟಕ್ಕೆ ಕಟ್ಟಿದ ಹಳ್ಳಿಕಾರ್ ಜೋಡಿಗಳು. ಕೊಳ್ಳಲು ಬಂದವನು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಮೈಮೇಲಿನ ಸುಳಿ ಹುಡುಕುತ್ತಾನೆ, ಹತ್ತು ಮಾರು ನಡೆಸಿ ಹೆಜ್ಜೆ ನೋಡುತ್ತಾನೆ. ಇಷ್ಟೂ ಎಲ್ಲರೆದುರಿಗೇ. ಬೆಲೆಯ ಮಾತು ಬಂದ ಕೂಡಲೇ ದಲ್ಲಾಳಿ ಹೆಗಲ ಮೇಲಿನ ಟವೆಲ್ ಎಳೆದು ಮಾರುವವನ ಕೈಮೇಲೆ ಹೊದಿಸಿ, ಅದರೊಳಗೆ ತನ್ನ ಕೈ ತೂರಿಸುತ್ತಾನೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಪೂರಾ ಅಂಗೈ ಅದುಮಿದರೆ ಐದು. ಸಾವಿರದ ಲೆಕ್ಕವೋ ಹತ್ತು ಸಾವಿರದ ಲೆಕ್ಕವೋ ಎನ್ನುವುದು ಎತ್ತು ನೋಡಿದಾಗಲೇ ಇಬ್ಬರಿಗೂ ಗೊತ್ತು. ಸುತ್ತ ನಿಂತವರಿಗೆ ಬೆಲೆ ತಿಳಿದರೆ ಪಕ್ಕದ ಗೂಟದವನ ವ್ಯಾಪಾರವೂ ಕೆಡುತ್ತದೆ, ಇವನದೂ ಕೆಡುತ್ತದೆ. ಅದಕ್ಕೇ ಈ ಮರೆ.

ನಾನು ನೋಡುವುದು ಟವೆಲ್ಲನ್ನಲ್ಲ, ಮಾರುವವನ ಮುಖವನ್ನು. ಅವನು ದಲ್ಲಾಳಿಯ ಕಡೆ ನೋಡುವುದೇ ಇಲ್ಲ. ಬೆಟ್ಟ ನೋಡುತ್ತಾನೆ, ಟೀ ಅಂಗಡಿ ನೋಡುತ್ತಾನೆ, ಯಾರದೋ ಮಗುವಿನ ಕೈಯಲ್ಲಿನ ಬಲೂನು ನೋಡುತ್ತಾನೆ. ಮುಖದ ಒಂದು ನರವೂ ಅಲುಗದಂತೆ ಹಿಡಿದುಕೊಂಡಿರುತ್ತಾನೆ. ಬಾಯಲ್ಲಿ ಮಾತ್ರ "ಆಗಲ್ಲಪ್ಪ, ಆಗಲ್ಲ" ಎನ್ನುತ್ತಿರುತ್ತಾನೆ. ಇದನ್ನೆಲ್ಲ ಹೇಗೆ ಅರ್ಥ ಮಾಡಿಕೊಳ್ಳುತ್ತೀರಿ ಎಂದು ವಯಸ್ಸಾದ ದಲ್ಲಾಳಿಯೊಬ್ಬರನ್ನು ಕೇಳಿದ್ದೆ. "ಬಾಯಲ್ಲಿ ಆಗಲ್ಲ ಅಂತಾನೆ ಸ್ವಾಮಿ, ಕೈ ಮಾತ್ರ ಈಚೆಗೆ ತೆಗೆಯಲ್ಲ. ಕೈ ತೆಗೆಯೋವರೆಗೆ ವ್ಯಾಪಾರ ಇದೆ ಅಂತ ಲೆಕ್ಕ" ಎಂದರು. ಬೆರಳು ಬೆಚ್ಚಗಾಗುವುದು, ಬೆವರುವುದು, ಒಂದು ಅಂಕಿ ಒತ್ತಿದಾಗ ಒಂದಿಷ್ಟು ಸಡಿಲವಾಗುವುದು, ಇವೆಲ್ಲ ಅವರಿಗೆ ಓದಲು ಬರುತ್ತದೆ.

ವ್ಯಾಪಾರ ಕುದುರಿ ಹಣ ಎಣಿಸಿದ ಮೇಲೆ ಮಾರಿದವನು ತನ್ನ ಹಗ್ಗ ಬಿಚ್ಚಿಕೊಳ್ಳುತ್ತಾನೆ. ಎತ್ತು ಹೋದರೂ ಹಗ್ಗ ಕೊಡುವುದಿಲ್ಲ. ಕೊಂಡವನು ಹೊಸ ಹಗ್ಗ ಹಾಕಿಕೊಳ್ಳಬೇಕು. ಅಷ್ಟು ಹೊತ್ತು ಕಲ್ಲಿನ ಮುಖ ಮಾಡಿಕೊಂಡು ನಿಂತಿದ್ದ ಮನುಷ್ಯ ಹಗ್ಗ ಬಿಚ್ಚುವಾಗ ಬೇರೆಯಾಗಿಬಿಡುತ್ತಾನೆ. ಒಂದು ಕೈ ಗಂಟು ಬಿಚ್ಚುತ್ತಿದ್ದರೆ ಇನ್ನೊಂದು ಕೈ ಅದರಷ್ಟಕ್ಕೆ ಎತ್ತಿನ ಗಂಗೆದೊಗಲು ಸವರುತ್ತಿರುತ್ತದೆ. ಕೊಂಡವನಿಗೆ ಹೇಳುವ ಮಾತು ಮಾತ್ರ ಬರೀ ವ್ಯವಹಾರದ್ದು: ಇದಕ್ಕೆ ಬೂಸಾ ಕಮ್ಮಿ ಸಾಕು, ಇದು ಎಡಗೋಲಿಗೆ ಪಳಗಿದೆ. ಹಾಗೆ ಹೇಳುವ ದನಿ ಗಂಟಲಿನಿಂದ ಮೇಲೆ ಏಳುವುದಿಲ್ಲ. ಹೆಣ್ಣು ಕೊಟ್ಟ ಮನೆಯವರ ಬಾಯಲ್ಲಿ ನಾನು ಆ ದನಿ ಕೇಳಿದ್ದೇನೆ.

ಕೋಲಾರದ ಎ.ಪಿ.ಎಂ.ಸಿ.ಯ ಟೊಮೆಟೊ ಮಾರುಕಟ್ಟೆಯಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಎಲ್ಲವೂ ಕೂಗು. ಮಂಡಿಯ ಮುಂದೆ ಪೇರಿಸಿದ ಬಾಕ್ಸುಗಳ ಸಾಲಿನಲ್ಲಿ ಹರಾಜು ಕೂಗುವವನು ಮುಂದೆ, ವ್ಯಾಪಾರಿಗಳ ಗುಂಪು ಹಿಂದೆ. ಕನ್ನಡ, ತೆಲುಗು, ಹಿಂದಿ ಕಲೆಸಿದ ಅಂಕಿಗಳು ಒಂದರ ಬೆನ್ನಿಗೊಂದು ಹೊರಡುತ್ತವೆ. ಅಂಕಿ ಕಿವಿಗೆ ಸಿಗದಷ್ಟು ದೂರದಲ್ಲಿ ನಿಂತ ರೈತನಿಗೂ ಅವತ್ತಿನ ಮಾರುಕಟ್ಟೆ ಹೇಗಿದೆ ಎಂದು ಗೊತ್ತಾಗುತ್ತದೆ. ರೇಟು ಏರುವ ದಿನ ಕೂಗು ಮೇಲಕ್ಕೆ ಹೋಗುತ್ತ ಬಿರುಸಾಗುತ್ತದೆ, ಗುಂಪು ಒತ್ತಿಕೊಂಡು ಬರುತ್ತದೆ. ಬಿದ್ದ ದಿನ ಕೂಗುವವನು ಒಂದೇ ಅಂಕಿಯನ್ನು ಎಳೆದೆಳೆದು ಹೇಳುತ್ತಾನೆ, ಯಾರ ಕಾಲೂ ಮುಂದೆ ಸರಿಯುವುದಿಲ್ಲ. 2023ರ ಜುಲೈನಲ್ಲಿ 15 ಕೆ.ಜಿ.ಯ ಒಂದು ಬಾಕ್ಸು 2,000 ರೂಪಾಯಿ ದಾಟಿದಾಗ ಈ ಅಂಗಳದ ಗದ್ದಲ ಟಿ.ವಿ.ಯಲ್ಲಿ ದೇಶಕ್ಕೆಲ್ಲ ಕೇಳಿಸಿತು. ಹಣ್ಣನ್ನು ರಸ್ತೆ ಪಕ್ಕ ಸುರಿದು ಹೋಗುವ ವರ್ಷಗಳೂ ಇವೆ. ಆ ವರ್ಷಗಳ ಇಳಿದನಿ ಕೇಳಿಸುವುದು ಮನೆಗಳಲ್ಲಿ ಮಾತ್ರ.

ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿ. ಮಾವಿನ ತೋಪಿನ ಜೊತೆಗೆ ಕೊಳವೆಬಾವಿ ಕೈಹಿಡಿದಷ್ಟು ಕಾಲ ಟೊಮೆಟೊ ಇತ್ತು. ಮಾರುಕಟ್ಟೆಗೆ ಹೋದ ನಾಯನ, ಅಂದರೆ ಅಪ್ಪ, ವಾಪಸು ಬರುವುದನ್ನು ಅಮ್ಮ ಕೇಳಿಸಿಕೊಳ್ಳುತ್ತಿದ್ದ ರೀತಿ ನನಗೆ ಇಂದಿಗೂ ವಿಸ್ಮಯ. ಎಷ್ಟಕ್ಕೆ ಹೋಯಿತು ಎಂದು ಅವಳು ಬಾಗಿಲಲ್ಲಿ ನಿಂತು ಕೇಳಿದ್ದನ್ನು ನಾನು ಕಂಡಿಲ್ಲ. ಸೈಕಲ್ಲಿನ ಸ್ಟ್ಯಾಂಡು ಹಾಕಿದ ಸದ್ದು, ಚಪ್ಪಲಿ ಬಿಟ್ಟ ಸದ್ದು, ಕೆಮ್ಮು, ಆಮೇಲೆ ಕರುವನ್ನು ಮಾತಾಡಿಸಿದರೋ ಇಲ್ಲವೋ ಎನ್ನುವುದು. ಇಷ್ಟು ಅವಳಿಗೆ ಸಾಕು. ರೇಟು ಸಿಕ್ಕ ದಿನ ನಾಯನ ಕೊಟ್ಟಿಗೆಯ ಮುಂದೆ ಹಾಯುವಾಗ ಕರುವಿಗೆ ಏನಾದರೂ ಹೇಳದೆ ಒಳಗೆ ಬರುತ್ತಿರಲಿಲ್ಲ. ಸಿಗದ ದಿನ ನೆಟ್ಟಗೆ ಬಂದು ತಿಣ್ಣೆಯ ಮೇಲೆ ಕೂರುತ್ತಿದ್ದರು. ಅಮ್ಮ ನೀರಿನ ಚೊಂಬು ಕೊಟ್ಟು, ಒಳಗೆ ತಿರುಗಿ ನಮ್ಮ ಕಡೆ ಒಮ್ಮೆ ರೆಪ್ಪೆ ಇಳಿಸುತ್ತಿದ್ದಳು. ನೋಟ್‌ಬುಕ್ಕು ಬೇಕು, ಫೀಸು ಕಟ್ಟಬೇಕು ಎಂಬ ನಮ್ಮ ಅರ್ಜಿಗಳೆಲ್ಲ ಆ ರೆಪ್ಪೆಯ ಅಡಿಯಲ್ಲೇ ಮುಂದಿನ ವಾರಕ್ಕೆ ಹೋಗುತ್ತಿದ್ದವು. ನಾಯನ ಊಟಕ್ಕೆ ಕೂತಾಗ ಅಮ್ಮ ಬಡಿಸುವ ಸದ್ದೂ ಬೇರೆ. ಆ ದಿನ ಸೌಟು ಪಾತ್ರೆಗೆ ತಗುಲುತ್ತಿರಲಿಲ್ಲ.

ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಮಾವಿನ ಮಂಡಿಗೆ ಹೋದರೆ ಉರ್ದು, ಬಂಗಾರಪೇಟೆ ದಾಟಿ ಕೆ.ಜಿ.ಎಫ್. ಕಡೆ ಹೋದರೆ ತಮಿಳು. ನಮ್ಮ ಜಿಲ್ಲೆಯ ಮಗು ಪದಗಳ ಅರ್ಥ ತಿಳಿಯುವುದಕ್ಕೆ ಮೊದಲೇ ದನಿಯ ಅರ್ಥ ತಿಳಿಯುತ್ತದೆ. ಬಯ್ಯುತ್ತಿರುವವರು ಯಾವ ಭಾಷೆಯಲ್ಲಿ ಬಯ್ಯುತ್ತಿದ್ದಾರೆ ಎನ್ನುವುದು ಆಮೇಲಿನ ಮಾತು. ಮೊದಲು ತಿಳಿಯುವುದು ಓಡಬೇಕೋ ನಿಲ್ಲಬೇಕೋ ಎನ್ನುವುದು. ಹುಟ್ಟಿದ ಎರಡು ಮೂರು ದಿನಗಳ ಕೂಸು ಬೇರೆ ಹೆಂಗಸರ ದನಿಗಿಂತ ಹೆತ್ತವಳ ದನಿಗೆ ಹೆಚ್ಚು ಒಲಿಯುತ್ತದೆ ಎಂದು ಅಮೆರಿಕದ ಆಂಟನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ 1980ರಲ್ಲಿ ತೋರಿಸಿದರು. ಮಗು ಚೀಪುವ ಲಯವನ್ನು ಬದಲಿಸಿಕೊಂಡು ಅಮ್ಮನ ದನಿಯ ಟೇಪನ್ನು ತಾನೇ ಆರಿಸಿಕೊಳ್ಳುತ್ತಿತ್ತು. ಆ ಕೂಸಿಗೆ ಇನ್ನೂ ಯಾವ ಭಾಷೆಯೂ ಇಲ್ಲ.

ಆದರೆ ದನಿ ಎಲ್ಲ ಊರಿನಲ್ಲೂ ಒಂದೇ ಎಂದು ನಾನು ಒಪ್ಪುವುದಿಲ್ಲ. ಪ್ರೈಮರಿ ಶಾಲೆಗೆ ಧಾರವಾಡದ ಕಡೆಯ ಮೇಷ್ಟ್ರೊಬ್ಬರು ವರ್ಗವಾಗಿ ಬಂದಿದ್ದರು. ಅವರು "ಬಾರಲೇ ತಮ್ಮಾ" ಎಂದು ಕರೆದರೆ ನಮ್ಮ ತರಗತಿಯ ಹುಡುಗರು ಹಿಂದಕ್ಕೆ ಸರಿಯುತ್ತಿದ್ದರು. ಅದರಲ್ಲಿದ್ದದ್ದು ಅಪ್ಪಟ ಪ್ರೀತಿ. ಆ ಏರುದನಿಯನ್ನು ನಮ್ಮ ಕಿವಿಗಳು ಸಿಟ್ಟಿನ ಲೆಕ್ಕಕ್ಕೆ ಬರೆದುಕೊಂಡಿದ್ದವು. ಅವರಿಗೂ ನಮ್ಮಿಂದ ಕಷ್ಟವಾಗಿತ್ತು. ಕೊನೆಯಲ್ಲಿ ರಾಗ ಎಳೆದು "ಸಾ...ರ್" ಎನ್ನುವ ನಮ್ಮ ಹುಡುಗರು ಸದಾ ಏನೋ ದೂರು ಹೇಳುತ್ತಿದ್ದಾರೆ ಎಂದು ಅವರು ತಿಳಿದಿದ್ದರಂತೆ. ಒಂದು ಮಳೆಗಾಲ ಕಳೆಯುವುದರೊಳಗೆ ಇಬ್ಬರ ಕಿವಿಯೂ ಪಳಗಿತು. ಸಿಟ್ಟು, ಅಳು, ಭಯದ ಮುಖಗಳನ್ನು ಎಲ್ಲ ನಾಡಿನ ಜನರೂ ಗುರುತಿಸಬಲ್ಲರು ಎಂದು ಪಾಲ್ ಎಕ್‌ಮನ್ 1960ರ ದಶಕದಲ್ಲಿ ಪಪುವಾ ನ್ಯೂಗಿನಿಯ ಫೋರೆ ಜನರ ನಡುವೆ ಫೋಟೋಗಳನ್ನು ಹಿಡಿದು ಓಡಾಡಿ ವಾದಿಸಿದರು. ಆ ವಾದದ ಮೇಲೆ ಈಗಲೂ ಜಗಳವಿದೆ. ನನ್ನ ಮಟ್ಟಿಗೆ, ದೊಡ್ಡ ಸಿಟ್ಟು ದೊಡ್ಡ ದುಃಖ ಎಲ್ಲೆಡೆ ಗೊತ್ತಾದೀತು. ಸಲಿಗೆ, ಮುನಿಸು, ಸಂಕೋಚ, ಬೇಡವೆನ್ನುತ್ತಲೇ ಬೇಕೆನ್ನುವುದು, ಇವು ಆ ನೆಲದಲ್ಲಿ ಒಂದಷ್ಟು ಕಾಲ ಉಂಡುಟ್ಟವರಿಗಷ್ಟೇ ಸಿಗುತ್ತವೆ.

ಭರತನ ನಾಟ್ಯಶಾಸ್ತ್ರದಲ್ಲಿ ದನಿಗೆ ಮೂರು ಸ್ಥಾನಗಳನ್ನು ಹೇಳಿದೆ: ಎದೆ, ಗಂಟಲು, ತಲೆ. ಹತ್ತಿರದವರೊಡನೆ ಎದೆಯಿಂದ, ತುಸು ದೂರದವರೊಡನೆ ಗಂಟಲಿನಿಂದ, ಬಹುದೂರದವರನ್ನು ತಲೆಯ ದನಿಯಿಂದ ಮಾತಾಡಿಸಬೇಕು. ಈ ಪುಸ್ತಕ ಕಾಣದ ನಮ್ಮೂರ ಹೆಂಗಸರು ಕೆರೆಯ ಏರಿಯಿಂದ "ಯಕ್ಕೋ..." ಎಂದು ಕೂಗುವಾಗ ಆ ಓಕಾರ ತಲೆಯಿಂದಲೇ ಹೊರಟು ತೋಪಿನಾಚೆ ಮುಟ್ಟುತ್ತದೆ. ಅದೇ ಯಕ್ಕ ಹತ್ತಿರ ಬಂದಾಗ ಮಾತು ಎದೆಗಿಳಿಯುತ್ತದೆ. ದೂರದ ಕೂಗಿನಲ್ಲೂ ಎಮ್ಮೆ ತಪ್ಪಿಸಿಕೊಂಡಿದೆಯೋ, ಮನೆಗೆ ನೆಂಟರು ಬಂದಿದ್ದಾರೋ, ಯಾರಿಗಾದರೂ ಹುಷಾರು ತಪ್ಪಿದೆಯೋ ಎನ್ನುವುದು ಮೊದಲ ಕೂಗಿನಲ್ಲೇ ಇರುತ್ತದೆ.

ತಮಟೆಯೂ ಹಾಗೆಯೇ. ಹಾಸಿಗೆಯಲ್ಲಿದ್ದವರು ಬೆಳಗಿನ ಜಾವದ ತಮಟೆ ಕೇಳಿ ಎದ್ದು ಕೂರುತ್ತಾರೆ. ದೇವರ ಮೆರವಣಿಗೆಯ ಪೆಟ್ಟು ಬೇರೆ, ಸಾವಿನ ಪೆಟ್ಟು ಬೇರೆ. ಯಾರ ಮನೆ ಎಂದು ಕೇಳುವುದಷ್ಟೇ ಉಳಿದಿರುತ್ತದೆ. 2007ರವರೆಗೆ ಕೋಲಾರ ಜಿಲ್ಲೆಯದೇ ಭಾಗವಾಗಿದ್ದ ಚಿಕ್ಕಬಳ್ಳಾಪುರದ ಕಡೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಮ್ಮೂರಿನಲ್ಲೂ ಜನ ಹಿಗ್ಗಿದರು. ಚರ್ಮ ಮತ್ತು ಕಡ್ಡಿಯಿಂದ ಊರಿಗೆಲ್ಲ ಸುಖದುಃಖ ತಿಳಿಸಿಕೊಂಡು ಬಂದವರನ್ನು ಊರು ಬಹುಕಾಲ ಹೊರಗೇ ನಿಲ್ಲಿಸಿತ್ತು ಎನ್ನುವುದನ್ನೂ ಆ ಹಿಗ್ಗಿನ ಜೊತೆಗೇ ನೆನೆಯಬೇಕು.

ಈ ಜಿಲ್ಲೆಯ ಇಬ್ಬರು ದೊಡ್ಡವರು ದನಿ ಕೇಳುವುದರಲ್ಲಿ ನುರಿತವರು ಎಂದು ನನಗೆ ಅನಿಸುತ್ತದೆ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರ 'ಜ್ಞಾಪಕ ಚಿತ್ರಶಾಲೆ'ಯಲ್ಲಿ ಜನ ನಮಗೆ ಪರಿಚಯವಾಗುವುದು ಅವರು ಮಾತಾಡುವ ಧಾಟಿಯಿಂದ. ಮಾಲೂರು ತಾಲ್ಲೂಕಿನ, 1891ರಲ್ಲಿ ಹುಟ್ಟಿದ ಮಾಸ್ತಿಯವರ ಮನೆಮಾತು ತಮಿಳು, ಬರೆದದ್ದು ಕನ್ನಡ. ಅವರ ಕತೆಗಳಲ್ಲಿ ಯಾರೂ ಕಿರುಚುವುದಿಲ್ಲ. ಒಬ್ಬರು ಮಾತು ಅರ್ಧಕ್ಕೆ ನಿಲ್ಲಿಸುತ್ತಾರೆ, ಇನ್ನೊಬ್ಬರು ಎದ್ದು ಒಳಗೆ ಹೋಗುತ್ತಾರೆ. ನಮ್ಮ ಗಂಟಲು ಕಟ್ಟುವುದು ಅಲ್ಲೇ.

ಈಚೆಗೆ ತರಬೇತಿ ಶಿಬಿರಗಳಲ್ಲಿ ಒಂದು ಲೆಕ್ಕ ಓಡಾಡುತ್ತಿದೆ: ಸಂವಹನದಲ್ಲಿ ಮಾತಿನ ಪಾಲು 7, ದನಿಯದು 38, ಮುಖಭಾವದ್ದು 55. ಮೂಲದಲ್ಲಿ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಒಂದೊಂದೇ ಪದವನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೋ ತೋರಿಸಿ, ಇಷ್ಟವೋ ಅನಿಷ್ಟವೋ ಎಂದು ಕೇಳಿದ ಪ್ರಯೋಗಗಳವು. ಮಾತು ಒಂದು ಹೇಳಿ ದನಿ ಇನ್ನೊಂದು ಹೇಳಿದಾಗ ಜನ ಯಾವುದನ್ನು ನಂಬುತ್ತಾರೆ ಎನ್ನುವುದಕ್ಕಷ್ಟೇ ಅದು ಸಲ್ಲುತ್ತದೆ. ಎಲ್ಲ ಮಾತಿಗೂ ಅದನ್ನು ಅಂಟಿಸುವುದು ತಪ್ಪು. ಬ್ಯಾಂಕಿನ ಸಾಲದ ಕರಾರಿನಲ್ಲಿ ಮಾತಿನ ಪಾಲು ನೂರಕ್ಕೆ ನೂರು.

ದನಿಯ ಪಾಲು ಎಷ್ಟೆಂದು ನನಗೆ ತಿಳಿದದ್ದು ಮಾಲೂರಿನ ದೊಡ್ಡಮ್ಮನಿಂದ.

ಮಾಲೂರು ಹೆಂಚಿನ ಮನೆಯ ಯಜಮಾನತಿ ಅವಳು. ಅತ್ತೆಮನೆಯವರೊಡನೆ ತೆಲುಗು, ಮೊಮ್ಮಕ್ಕಳೊಡನೆ ಕನ್ನಡ, ಎರಡೂ ಧಾರಾಳ. ಒಂದು ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುತ್ತಿದ್ದವಳು ಚೊಂಬು ಕೈಬಿಟ್ಟು ಕುಸಿದಳು. ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ಸ್ಟ್ರೋಕು ಮಿದುಳಿನ ಎಡಭಾಗದಲ್ಲಿ ಎಂದರು ಡಾಕ್ಟರು. ಮಾತಿನ ಮನೆ ಬಹುಪಾಲು ಜನರಿಗೆ ಅಲ್ಲೇ ಇರುತ್ತದೆ. ಕೆಲವು ವಾರಗಳಾದ ಮೇಲೆ ನಡಿಗೆ ಕೋಲಿನ ಆಸರೆಯಲ್ಲಿ ಬಂತು. ಮಾತಿನಲ್ಲಿ ಬಂದದ್ದು ಒಂದೇ: "ಅದೇ, ಅದೇ." ಕನ್ನಡದಲ್ಲೂ ತೆಲುಗಿನಲ್ಲೂ ಸಲ್ಲುವ ಪದ. ಕೊನೆಯವರೆಗೂ ಅವಳಿಗೆ ಬೇರೆ ಪದ ಬರಲಿಲ್ಲ.

ಅಷ್ಟರಲ್ಲೇ ಅವಳು ಮನೆ ನಡೆಸಿದಳು. ಸೊಸೆ ಒಗ್ಗರಣೆ ಸೀಯಿಸಿದರೆ ಅಡುಗೆಮನೆಯ ಕಡೆ ಹೊರಡುವ "ಅದೇ!" ಚಿಕ್ಕದು, ಚುರುಕು. ಮೊಮ್ಮಗಳು ಶಾಲೆಯಿಂದ ಬಂದಾಗ "ಅದೇ...ಏ" ಎಂದು ಕೊನೆ ಮೇಲಕ್ಕೆ ಹೋಗುತ್ತಿತ್ತು, ಎಡಗೈ ಚಾಚುತ್ತಿತ್ತು. ಬಂದ ನೆಂಟರು ಊಟ ಬೇಡವೆಂದರೆ ಎರಡು ಅದೇಗಳ ನಡುವೆ ಒಂದು ನಿಲುಗಡೆ, ಹುಬ್ಬು ಮೇಲೆ. ಬಂದವರು ಕೈ ತೊಳೆಯಲು ಏಳುತ್ತಿದ್ದರು. ಮಾತಿಲ್ಲದವಳು ಎಂದು ಕೆಲವರು ಅವಳ ಕಿವಿಯ ಹತ್ತಿರ ಬಾಗಿ ಜೋರಾಗಿ ಕೂಗಿ ಮಾತಾಡುತ್ತಿದ್ದರು. ಅದು ಅವಳಿಗೆ ಬಹಳ ನೋವು. ಕಿವಿ ಮುಟ್ಟಿಕೊಂಡು, ಕೈ ಅಲ್ಲಾಡಿಸಿ, ಒಂದೇ ಮಟ್ಟದ ದನಿಯಲ್ಲಿ "ಅದೇ ಅದೇ ಅದೇ" ಎನ್ನುತ್ತಿದ್ದಳು. ನನಗೆ ಕಿವಿ ಸರಿಯಾಗಿದೆ, ಬುದ್ಧಿಯೂ ಸರಿಯಾಗಿದೆ ಎಂದು ಅದರ ಅರ್ಥ. ಇಂಥವರ ಮುಂದೆ ದನಿ ಏರಿಸಬೇಡಿ, ನಿಧಾನವಾಗಿ ಮಾತಾಡಿ, ಉತ್ತರಕ್ಕೆ ಕಾಯಿರಿ ಎಂದು ಕೈಮುಗಿದು ಕೇಳಿಕೊಳ್ಳಬೇಕು ಎನಿಸುತ್ತದೆ.

ಅವಳ ತಂಗಿ ತೀರಿಕೊಂಡಾಗ ಮಣ್ಣಿಗೆ ಕರೆದುಕೊಂಡು ಹೋಗಿದ್ದೆವು. ನಮ್ಮ ಕಡೆ ಹೆಂಗಸರು ಸತ್ತವರ ಗುಣಗಳನ್ನು ಸಾಲು ಸಾಲಾಗಿ ಹಾಡಿಕೊಂಡು ಅಳುತ್ತಾರೆ. ಅದಕ್ಕೊಂದು ಧಾಟಿಯಿದೆ, ಏರಿ ನಿಂತು ಉಸಿರಿನ ಕೊನೆಗೆ ಇಳಿಯುವ ಧಾಟಿ. ದೊಡ್ಡಮ್ಮ ಹೆಣದ ತಲೆಯ ಬಳಿ ಕೂತು ಎಡಗೈಯಿಂದ ಎದೆ ತಟ್ಟಿಕೊಳ್ಳುತ್ತ ಪೂರಾ ಆ ಧಾಟಿಯಲ್ಲೇ ಅತ್ತಳು. ಸಾಲುಗಳಿದ್ದವು, ನಿಲುಗಡೆಗಳಿದ್ದವು, ಕರೆಯುವ ಕಡೆ ಕರೆ, ಬೈಯುವ ಕಡೆ ಬೈಗುಳ. ಪದ ಮಾತ್ರ ಉದ್ದಕ್ಕೂ ಅದೊಂದೇ. ಸುತ್ತ ಕೂತಿದ್ದ ಹೆಂಗಸರು ಅವಳ ಸಾಲು ಮುಗಿದ ಕಡೆ ಎಂದಿನಂತೆ ದನಿಗೂಡಿಸಿದರು. ಅವಳು ಏನು ಹೇಳುತ್ತಿದ್ದಾಳೆ ಎಂದು ಯಾರೂ ಯಾರನ್ನೂ ಕೇಳಲಿಲ್ಲ.

ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಯಲ್ಲಿ ಇಂಥದೇ ಒಬ್ಬ ಮನುಷ್ಯನಿದ್ದ, ಲೆಬೋರ್ನ್ ಎಂದು. ಇಪ್ಪತ್ತು ವರ್ಷಕ್ಕೂ ಮೀರಿ ಅಲ್ಲಿದ್ದ. ಏನು ಕೇಳಿದರೂ "ತಾನ್, ತಾನ್" ಎನ್ನುತ್ತಿದ್ದ, ಉಳಿದದ್ದನ್ನು ಕೈಸನ್ನೆಯಲ್ಲಿ ತಿಳಿಸುತ್ತಿದ್ದ. 1861ರಲ್ಲಿ ಅವನು ಸತ್ತ ಮೇಲೆ ಡಾಕ್ಟರ್ ಪಾಲ್ ಬ್ರೋಕಾ ಅವನ ಮಿದುಳನ್ನು ಪರೀಕ್ಷಿಸಿ ಎಡಭಾಗದ ಮುಂದುಗಡೆಯ ಗಾಯವನ್ನು ತೋರಿಸಿದರು. ಮಾತಿನ ಜಾಗ ಮಿದುಳಿನಲ್ಲಿ ಎಲ್ಲಿದೆ ಎಂಬ ತಿಳಿವಳಿಕೆ ಹೊರಟದ್ದು ಅವನಿಂದ. ಭಾವದ ಏರಿಳಿತಕ್ಕೆ ಬಲಭಾಗ ಎಷ್ಟು ಮುಖ್ಯ ಎನ್ನುವುದು ತಿಳಿಯಲು ಇನ್ನೂ ನೂರು ವರ್ಷ ಬೇಕಾಯಿತು. 1979ರಲ್ಲಿ ಎಲಿಯಟ್ ರಾಸ್ ಮತ್ತು ಮಾರ್ಸೆಲ್ ಮೆಸುಲಾಂ ಎಂಬ ಡಾಕ್ಟರುಗಳು, ಬಲಭಾಗಕ್ಕೆ ಪೆಟ್ಟಾಗಿ ಮಾತು ಉಳಿದು ದನಿಯ ಭಾವ ಹೋದ ರೋಗಿಗಳ ಬಗ್ಗೆ ಬರೆದರು.

ಅಂಥವರೊಬ್ಬರು ನಮ್ಮ ಮನೆತನದಲ್ಲೇ ಇದ್ದಾರೆ, ಮುಳಬಾಗಿಲಿನ ಚಿಕ್ಕಪ್ಪ. ಬಸ್ ಕಂಡಕ್ಟರಾಗಿದ್ದವರು. "ಮುಳ್ಬಾಗ್ಲು ಮುಳ್ಬಾಗ್ಲು ಮುಳ್ಬಾಗ್ಲೋ" ಎಂಬ ಅವರ ಕೂಗಿಗೆ ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಎಚ್ಚರಾಗದೆ ಮಲಗಿದವರಿಲ್ಲ. ನಿವೃತ್ತಿಯ ಮೇಲೆ ಅವರಿಗೂ ಸ್ಟ್ರೋಕಾಯಿತು, ಆದರೆ ಬಲಭಾಗದಲ್ಲಿ. ಎಡಗೈ ಸೋತಿತು, ಮಾತಿಗೆ ಏನೂ ಆಗಲಿಲ್ಲ. ಬಂದವರೆಲ್ಲ "ಪುಣ್ಯ, ಮಾತು ಉಳೀತು" ಎಂದು ಹೇಳಿ ಹೋದರು. ಮನೆಯೊಳಗೆ ಮಾತ್ರ ಏನೋ ಸರಿಯಿರಲಿಲ್ಲ. ಮಗಳಿಗೆ ಹೆರಿಗೆಯಾದ ಸುದ್ದಿ ಬಂದಾಗ "ಗಂಡು ಮಗುವಂತೆ" ಎಂದರು. ಕರೆಂಟು ಹೋದಾಗ "ಕರೆಂಟು ಹೋಯ್ತು" ಎಂದರು. ಎರಡೂ ಒಂದೇ ದನಿ, ಒಂದೇ ಮುಖ. ಚಿಕ್ಕಮ್ಮ ಬಹಳ ದಿನ ನುಂಗಿಕೊಂಡಳು. ಒಮ್ಮೆ ನನ್ನ ಅಮ್ಮನ ಹತ್ತಿರ, "ಅವ್ರಿಗೆ ನಾನು ಬೇಡವಾಗಿದ್ದೀನಕ್ಕ. ಬಾಯಲ್ಲಿ ಎಲ್ಲಾ ಸರಿಯಾಗೇ ಹೇಳ್ತಾರೆ, ಒಳಗಿಂದ ಬರಲ್ಲ" ಎಂದು ಅತ್ತಳು. ಆಸ್ಪತ್ರೆಯ ಚೀಟಿಯಲ್ಲಿ ಮಾತ್ರೆ, ಉಪ್ಪು, ವ್ಯಾಯಾಮ ಎಲ್ಲ ಬರೆದಿತ್ತು. ಇದೊಂದು ಬರೆದಿರಲಿಲ್ಲ. ಎಷ್ಟು ಮನೆಗಳಲ್ಲಿ ಎಷ್ಟು ಹೆಂಗಸರು ಹೀಗೆ ತಿಳಿದುಕೊಂಡು ಒಳಗೊಳಗೇ ಬೆಂದಿರಬಹುದೋ!

ಮುಂದೆ ತಪಾಸಣೆಗೆ ಹೋದಾಗ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಚಿಕ್ಕಪ್ಪನಿಗೆ ಒಂದು ಪರೀಕ್ಷೆ ಮಾಡಿದರು. 'ಬಸ್ಸು ಬಂತು' ಎನ್ನುವುದನ್ನು ಮೊದಲು ಸಂತೋಷದಿಂದ ಹೇಳಿ, ಆಮೇಲೆ ಬೇಸರದಿಂದ, ಆಮೇಲೆ ಸಿಟ್ಟಿನಿಂದ ಎಂದರು. ಸಾವಿರಾರು ಸಲ ಬಸ್ಸು ಹೊರಡಿಸಿದ ಮನುಷ್ಯ ಮೂರು ಸಲವೂ ಒಂದೇ ರೀತಿ ಹೇಳಿದರು. ಡಾಕ್ಟರು ಚಿಕ್ಕಮ್ಮನ ಕಡೆ ತಿರುಗಿ, "ಅಮ್ಮಾ, ಅವರ ಒಳಗೆ ಎಲ್ಲ ಹಾಗೇ ಇರಬಹುದು. ದನಿಗೆ ಬರ್ತಾ ಇಲ್ಲ ಅಷ್ಟೇ" ಎಂದು ವಿವರಿಸಿದರು. ಚಿಕ್ಕಪ್ಪನಿಗೂ ಬಿಡಿಸಿ ಹೇಳಿದರು: ಮನಸ್ಸಿಗೆ ಏನು ಆಗುತ್ತಿದೆಯೋ ಅದನ್ನು ಪದದಲ್ಲಿ ಹೇಳಿಬಿಡಿ, ಮನೆಯವರು ಊಹಿಸುವುದಕ್ಕೆ ಬಿಡಬೇಡಿ. ನಮ್ಮ ಕಡೆಯ ಗಂಡಸಿಗೆ ಇದು ಸಣ್ಣ ಕೆಲಸವಲ್ಲ. ಖುಷಿಯಾಗಿದೆ, ನೀನು ಇಲ್ಲದಿದ್ದರೆ ಬೇಸರ ಎಂದೆಲ್ಲ ಬಾಯಿಬಿಟ್ಟು ಹೇಳುವ ರೂಢಿ ಅವರ ಅಪ್ಪನಿಗೂ ಇರಲಿಲ್ಲ, ತಾತನಿಗೂ ಇರಲಿಲ್ಲ. ಅದನ್ನೆಲ್ಲ ಅವರು ಗಂಟಲಿನ ಏರಿಳಿತಕ್ಕೆ, ಕೆಮ್ಮಿಗೆ, ಹೆಗಲ ಮೇಲಿಡುವ ಕೈಗೆ ವಹಿಸಿದ್ದರು. ಚಿಕ್ಕಪ್ಪ ಆ ವಯಸ್ಸಿನಲ್ಲಿ ಪದಗಳನ್ನು ಕಲಿತರು.

ಹೋದ ಚಳಿಗಾಲ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಅವರೆಕಾಯಿಯ ಕಾಲ, ಹಿತಕಿದ ಬೇಳೆಯ ಸಾರು. ಮೊದಲ ತುತ್ತು ನುಂಗಿ ಚಿಕ್ಕಪ್ಪ ತಟ್ಟೆ ನೋಡುತ್ತಲೇ, ಟಿಕೆಟ್ಟಿನ ನಂಬರು ಓದುವ ದನಿಯಲ್ಲಿ, "ಸಾರು ಚೆನ್ನಾಗಿದೆ. ನಂಗೆ ತುಂಬ ಸಂತೋಷ ಆಗಿದೆ" ಎಂದರು. ಒಳಗಿಂದ ಚಿಕ್ಕಮ್ಮನ ದನಿ ನಡುಮನೆ ತುಂಬುವ ಹಾಗೆ ಬಂತು: "ಹಂಗಾದ್ರೆ ಇನ್ನೊಂದು ಮುದ್ದೆ ಹಾಕ್ತೀನಿ, ಉಣ್ಣಿ!"